ತಾತ್ಕಾಲಿಕ ಪೈಪಿಗೂ ಲೆಕ್ಕ ಬೇಕು
ಹತ್ತೇ ದಿನದ ಮಟ್ಟಿಗೆ ಎಂದು ನಿಮ್ಮ ಮ್ಯಾನೇಜರ್ ಹೇಳುತ್ತಿರುವ ಬೈಪಾಸ್ ಪೈಪಿಗೆ ಲೆಕ್ಕ ನೋಡದೆ ಸಹಿ ಹಾಕಬೇಡಿ. 1974ರಲ್ಲಿ ಇಂಗ್ಲೆಂಡಿನ ಫ್ಲಿಕ್ಸ್‌ಬರೋ ಕಾರ್ಖಾನೆಯಲ್ಲಿ ಬಿರುಕುಬಿಟ್ಟ ರಿಯಾಕ್ಟರನ್ನು ತೆಗೆದು, ಅದರ ಅಕ್ಕಪಕ್ಕದ ಎರಡನ್ನು 20 ಇಂಚಿನ ಡೊಂಕು ಪೈಪಿನಿಂದ ಜೋಡಿಸಿದ್ದರು. ನಕ್ಷೆ ಬರೆದದ್ದು ವರ್ಕ್‌ಶಾಪಿನ ನೆಲದ ಮೇಲೆ, ಸೀಮೆಸುಣ್ಣದಲ್ಲಿ. ಎರಡು ತುದಿಗಳ ಮಟ್ಟ ಬೇರೆಯಿದ್ದುದರಿಂದ ಒಳಗಿನ ಒತ್ತಡವೇ ಪೈಪನ್ನು ಬಾಗಿಸಿ, ತುದಿಗಳಲ್ಲಿದ್ದ ಹಿಗ್ಗಿ ಕುಗ್ಗುವ ಜೋಡಣೆಗಳಾದ ಬೆಲ್ಲೋಸ್‌ಗಳ ಮೇಲೆ ಭಾರ ಹೇರುತ್ತಿತ್ತು. ಅದನ್ನು ಯಾರೂ ಲೆಕ್ಕ ಹಾಕಲಿಲ್ಲ. ಜೂನ್ 1ರಂದು ಸೈಕ್ಲೋಹೆಕ್ಸೇನ್ ಹೊರನುಗ್ಗಿ ಸ್ಫೋಟಿಸಿ 28 ಮಂದಿ ಸತ್ತರು. ಟೆಸ್ಟ್ ಪಾಸಾಗಿದೆಯಲ್ಲ ಎನ್ನಬಹುದು. ಅಲ್ಲೂ ಟೆಸ್ಟ್ ಆಗಿತ್ತು, ಸೇಫ್ಟಿ ವಾಲ್ವ್ ತೆರೆಯುವ ಒತ್ತಡಕ್ಕಿಂತ ಕಡಿಮೆಯಲ್ಲಿ. ಉತ್ಪಾದನೆ ನಿಂತರೆ ನಷ್ಟ, ನಿಜ. ಆದರೆ ಈ ಲೆಕ್ಕ ತಿಂಗಳುಗಟ್ಟಲೆ ಹಿಡಿಯುವ ಕೆಲಸವಲ್ಲ. ಲೆಕ್ಕ, ಸಪೋರ್ಟಿನ ನಕ್ಷೆ, ಪೈಪು ತೆಗೆಯುವ ದಿನಾಂಕ, ಮೂರನ್ನೂ ಬರಹದಲ್ಲೇ ಕೇಳಿ.