ಛಾಯಾಚಿತ್ರವೂ ಸಹೃದಯನೂ

ಕಾವ್ಯಮೀಮಾಂಸೆಯ ತರಗತಿಯಲ್ಲಿ ನಾವು ಮೊದಮೊದಲು ಕಲಿಯುವ ಮಾತುಗಳಲ್ಲಿ ‘ಸಹೃದಯ’ ಎಂಬುದೂ ಒಂದು. ಕವಿ ಬರೆದ ಮಾತ್ರಕ್ಕೆ ಕಾವ್ಯ ಪೂರ್ತಿಯಾಗುವುದಿಲ್ಲ. ಅದನ್ನು ತನ್ನ ಹೃದಯದಲ್ಲಿ ತುಂಬಿಕೊಂಡು ಸವಿಯಬಲ್ಲ ಒಬ್ಬ ರಸಿಕನಿರಬೇಕು ಎಂದು ನಮ್ಮ ಆಲಂಕಾರಿಕರು ಬಗೆದರು. ಈ ಮಾತು ಕಾವ್ಯಕ್ಕೆ ಎಷ್ಟು ಸಲ್ಲುವುದೋ ಹವ್ಯಾಸಿಗಳು ತೆಗೆಯುವ ಛಾಯಾಚಿತ್ರಕ್ಕೂ ಅಷ್ಟೇ ಸಲ್ಲುವುದೆಂದು ನನಗೆ ತೋರುತ್ತದೆ. ಹೊಟ್ಟೆಪಾಡಿಗಾಗಿ ಚಿತ್ರ ತೆಗೆಯುವವನಿಗೆ ಗಿರಾಕಿಯಿದ್ದಾನೆ, ಹಣವಿದೆ. ಹಿತ್ತಲಿನ ದಾಸವಾಳವನ್ನೋ, ಬೇಲಿಯ ಮೇಲೆ ಕೂತ ಹಕ್ಕಿಯನ್ನೋ ಬರಿಯ ಪ್ರೀತಿಯಿಂದ ತೆಗೆಯುವವನಿಗೆ ಏನುಂಟು? ಅದನ್ನು ನೋಡಿ ಒಂದು ಮಾತಾಡುವ ನಾಲ್ವರು ಗೆಳೆಯರಲ್ಲದೆ ಅವನಿಗೆ ಬೇರೆ ಸಂಭಾವನೆಯಿಲ್ಲ. ಆದುದರಿಂದ ಆ ನಾಲ್ವರು ಯಾವುದನ್ನು ಮೆಚ್ಚುತ್ತಾರೆ ಎಂಬುದು ಸಣ್ಣ ವಿಷಯವಲ್ಲ. ಅವರ ಮೆಚ್ಚುಗೆ ಹೋದ ದಾರಿಯಲ್ಲಿಯೇ ಇವನ ಕಣ್ಣೂ ಕೈಯೂ ಹೋಗುತ್ತವೆ.

ಗಿಡಬಳ್ಳಿಗಳ ಚಿತ್ರವನ್ನು ಸ್ನೇಹಿತರಿಗೆ ಹಂಚುವ ಪದ್ಧತಿ ಹೆಚ್ಚು ಕಡಿಮೆ ಛಾಯಾಗ್ರಹಣದಷ್ಟೇ ಹಳೆಯದು. 1842ರಲ್ಲಿ ಇಂಗ್ಲೆಂಡಿನ ಸರ್ ಜಾನ್ ಹರ್ಷಲ್ ಎಂಬ ವಿಜ್ಞಾನಿ ಕಾಗದಕ್ಕೆ ಕಬ್ಬಿಣದ ಲವಣಗಳನ್ನು ಸವರಿ, ಬಿಸಿಲಿಗೊಡ್ಡಿ, ನೀರಿನಲ್ಲಿ ತೊಳೆದು ನೀಲಿ ಚಿತ್ರ ಪಡೆಯುವ ಕ್ರಮವೊಂದನ್ನು ಕಂಡುಹಿಡಿದನು. ಅವನ ಪರಿಚಯಸ್ಥರ ಮಗಳಾದ ಅನ್ನಾ ಅಟ್ಕಿನ್ಸ್ ಎಂಬಾಕೆ ಮರುವರ್ಷವೇ ಈ ಕ್ರಮದಿಂದ ಕಡಲ ಪಾಚಿಗಳ ಚಿತ್ರ ಮಾಡತೊಡಗಿದಳು. ಆಕೆಗೆ ಕ್ಯಾಮೆರಾ ಬೇಕಾಗಲಿಲ್ಲ. ಒಣಗಿಸಿದ ಪಾಚಿಯನ್ನು ಕಾಗದದ ಮೇಲೆ ಹರಡಿ ಬಿಸಿಲಿಗಿಟ್ಟರೆ, ಬಿಸಿಲು ಬಿದ್ದ ಎಡೆ ನೀಲಿ, ಪಾಚಿ ಮರೆಮಾಡಿದ ಎಡೆ ಬಿಳಿ. ಒಂದೊಂದು ಹಾಳೆಯನ್ನೂ ಕೈಯಾರೆ ಮಾಡಿ, ಹೆಸರು ಬರೆದು, ಕಂತುಕಂತಾಗಿ ಸುಮಾರು ಹತ್ತು ವರ್ಷ ಆಕೆ ಸ್ನೇಹಿತರಿಗೂ ವಿದ್ವತ್ಸಂಸ್ಥೆಗಳಿಗೂ ಕಳುಹಿಸಿದಳು. ಛಾಯಾಚಿತ್ರಗಳನ್ನೊಳಗೊಂಡ ಪುಸ್ತಕಗಳಲ್ಲಿ ಮೊದಲನೆಯದೆಂದು ಇಂದು ಎಣಿಸುವುದು ಇದನ್ನೇ. ಅನಂತರ ಜರೀಗಿಡಗಳ ಚಿತ್ರಸಂಪುಟವೊಂದನ್ನು ಬಾಲ್ಯದ ಗೆಳತಿ ಆನ್ ಡಿಕ್ಸನ್ ಜತೆಗೂಡಿ ಮಾಡಿದಳು. ಮಾರಾಟದ ಯೋಚನೆಯಿಲ್ಲದ, ಗೆಳೆತನದಿಂದಲೇ ಬೆಳೆದ ಕೆಲಸವದು.

ಮುಂದೆ ಹವ್ಯಾಸಿಗಳು ಸಂಘ ಕಟ್ಟಿಕೊಂಡರು. ಇಂಗ್ಲೆಂಡಿನಲ್ಲಿ ಬಹುಕಾಲ ನಡೆದುಬಂದ ‘ಅಂಚೆ ಪೆಟ್ಟಿಗೆ’ಯ ಕ್ರಮ ನನಗೆ ಬಹಳ ಹಿಡಿಸಿತು. ಬೇರೆ ಬೇರೆ ಊರುಗಳ ಹತ್ತಾರು ಸದಸ್ಯರ ನಡುವೆ ಚಿತ್ರಗಳ ಪೆಟ್ಟಿಗೆಯೊಂದು ಅಂಚೆಯಲ್ಲಿ ಸುತ್ತುತ್ತದೆ. ಪೆಟ್ಟಿಗೆ ಮನೆಗೆ ಬಂದಾಗ ಸದಸ್ಯನು ಉಳಿದವರ ಒಂದೊಂದು ಚಿತ್ರವನ್ನೂ ನೋಡಿ ತನ್ನ ಅಭಿಪ್ರಾಯವನ್ನು ಬರೆದಿಡಬೇಕು. ಹಿಂದಿನ ಸುತ್ತಿನ ತನ್ನ ಚಿತ್ರವನ್ನೂ ಅದಕ್ಕೆ ಬಂದ ಟೀಕೆಗಳನ್ನೂ ತೆಗೆದುಕೊಂಡು, ಹೊಸ ಚಿತ್ರವನ್ನಿಟ್ಟು ಮುಂದಿನವನಿಗೆ ಕಳುಹಿಸಬೇಕು. ಒಬ್ಬರಿಂದೊಬ್ಬರಿಗೆ ಕೈಬದಲಾಗುತ್ತಿದ್ದ ನಮ್ಮ ಕೈಬರಹದ ಪತ್ರಿಕೆಗಳ ನೆನಪು ಇದರಿಂದ ಬಾರದಿರದು. ಮೆಚ್ಚಿದ್ದನ್ನಾಗಲಿ ಮೆಚ್ಚದ್ದನ್ನಾಗಲಿ ಬರೆಯಬೇಕಾದರೆ ಕಾರಣ ಹುಡುಕಬೇಕು. ಕಾರಣ ಹುಡುಕಬೇಕಾದರೆ ಚಿತ್ರವನ್ನು ನಿಜವಾಗಿ ನೋಡಬೇಕು.

ನಮ್ಮ ನಾಡಿನಲ್ಲಿಯೂ ಈ ಪರಂಪರೆ ಕಿರಿದಲ್ಲ. 1953ರಲ್ಲಿ ಭಾರತೀಯ ಛಾಯಾಗ್ರಹಣ ಒಕ್ಕೂಟ ಹುಟ್ಟಿತು. ಅದಕ್ಕಾಗಿ ದುಡಿದವರಲ್ಲಿ ಬೆಂಗಳೂರಿನ ಡಾ. ಜಿ. ಥಾಮಸರು ಪ್ರಮುಖರು. 1971ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಯೂತ್ ಫೋಟೊಗ್ರಾಫಿಕ್ ಸೊಸೈಟಿ ಇಂದಿಗೂ ಹೊಸಬರಿಗೆ ಕಲಿಸುತ್ತಿದೆ. ವನ್ಯಜೀವಿಗಳ ಚಿತ್ರಕ್ಕೆ ಹೆಸರಾದ ಟಿ. ಎನ್. ಎ. ಪೆರುಮಾಳ್ (1932–2017) ತಂಜಾವೂರಿನಲ್ಲಿ ಹುಟ್ಟಿ ಬೆಂಗಳೂರಿನಲ್ಲಿ ನೆಲೆಸಿದವರು. ಅವರು ಓ. ಸಿ. ಎಡ್ವರ್ಡ್ಸ್ ಎಂಬ ಹಿರಿಯರಿಂದ ಕಲಿತರು. ತಾವು ಕಲಿತದ್ದನ್ನು ಮುಂದೆ ಎಷ್ಟೋ ಕಿರಿಯರಿಗೆ ಕಲಿಸಿದರು. ಮೂಡಿಗೆರೆಯಲ್ಲಿ ಕುಳಿತು ಹಕ್ಕಿಗಳ ಹಿಂದೆ ಬಿದ್ದ ಪೂರ್ಣಚಂದ್ರ ತೇಜಸ್ವಿಯವರನ್ನಂತೂ ಕನ್ನಡ ವಾಚಕರಿಗೆ ಪರಿಚಯಿಸಬೇಕಾಗಿಲ್ಲ. ಆ ಕಾಲದ ಕ್ಯಾಮೆರಾಗಳಲ್ಲಿ ಒಂದು ಸುರುಳಿಗೆ ಹನ್ನೆರಡೋ ಮೂವತ್ತಾರೋ ಚಿತ್ರ. ಗುಂಡಿ ಒತ್ತುವ ಮೊದಲು ಯೋಚಿಸಲೇಬೇಕಾಗಿತ್ತು. ಇಂದು ನಮ್ಮ ಕೈಯ ಫೋನಿನಲ್ಲಿ ಒಂದು ಹೂವಿಗೆ ಐವತ್ತು ಚಿತ್ರ ತೆಗೆಯಬಹುದು. ಐವತ್ತರಲ್ಲಿ ಒಂದನ್ನು ಆರಿಸುವ ಕಷ್ಟ ಮಾತ್ರ ನಮಗೆ ಬಂದಿದೆ.

ಇಲ್ಲಿ ಒಂದು ವಿಚಿತ್ರವಾದ ವಿಷಯವನ್ನು ಹೇಳಬೇಕು. ತೋಟದ ಹೂವು ‘ಪ್ರಕೃತಿ’ಯಲ್ಲ! ಅಂತರರಾಷ್ಟ್ರೀಯ ಛಾಯಾಚಿತ್ರಕಲಾ ಒಕ್ಕೂಟವೂ, ಅಮೆರಿಕದ ಮತ್ತು ಇಂಗ್ಲೆಂಡಿನ ಎರಡು ದೊಡ್ಡ ಸಂಘಗಳೂ ಕೂಡಿ ಒಪ್ಪಿ, 2015ರಿಂದ ಜಾರಿಗೆ ತಂದ ವ್ಯಾಖ್ಯೆಯ ಪ್ರಕಾರ ಮನುಷ್ಯನು ಬೆಳೆಸಿದ ಮಿಶ್ರತಳಿಯ ಸಸ್ಯಗಳಿಗೆ ಪ್ರಕೃತಿ ವಿಭಾಗದಲ್ಲಿ ಸ್ಥಳವಿಲ್ಲ. ಲಾಲ್‌ಬಾಗಿನ ಗಾಜಿನ ಮನೆಯಲ್ಲಿ ಜನವರಿ, ಆಗಸ್ಟ್ ತಿಂಗಳುಗಳಲ್ಲಿ ನಡೆಯುವ ಫಲಪುಷ್ಪ ಪ್ರದರ್ಶನದ ಭಾರಿ ಗುಲಾಬಿ ಅಲ್ಲಿ ಸಲ್ಲುವುದಿಲ್ಲ. ಯಾರೂ ನೆಡದೆ ಹಾದಿಬದಿಯಲ್ಲಿ ಹುಟ್ಟಿದ ನಾಚಿಕೆಮುಳ್ಳಿನ ಹೂವು ಸಲ್ಲುತ್ತದೆ. ಚಿತ್ರಕ್ಕೆ ಏನನ್ನೂ ಸೇರಿಸಕೂಡದು, ಅದರಿಂದ ಏನನ್ನೂ ಅಳಿಸಕೂಡದು. ಅಂದಕ್ಕಿಂತಲೂ ಚಿತ್ರ ಹೇಳುವ ಕಥೆಗೇ ಹೆಚ್ಚಿನ ತೂಕ. ಸ್ಪರ್ಧೆಗೆ ಇಂಥ ಗೆರೆ ಬೇಕೇನೋ. ಹಿತ್ತಲಿನಲ್ಲಿ ಚಿತ್ರ ತೆಗೆಯುವ ನಮ್ಮಂಥವರಿಗೆ ಈ ಗೆರೆ ಅಷ್ಟು ಸ್ಪಷ್ಟವಾಗಿ ಕಾಣುವುದಿಲ್ಲ. ದಾಸವಾಳ ಮನುಷ್ಯನದು, ಅದರ ಮೇಲೆ ಬಂದು ಕುಳಿತ ಸೂರಕ್ಕಿ ಯಾರದು?

ನಮ್ಮ ಕಾಲೇಜಿನಲ್ಲಿ ಹತ್ತು ಮಂದಿ ಸೇರಿ ಚಿತ್ರಗಳನ್ನು ಒಬ್ಬರಿಗೊಬ್ಬರು ತೋರಿಸುತ್ತೇವೆ. ಒಳ್ಳೆಯ ಕ್ಯಾಮೆರಾ ಇರುವವನು ಒಬ್ಬನೇ, ಉಳಿದವರದು ಫೋನು. ನಮ್ಮ ಮನೆಯಲ್ಲಿ ಫೋಟೋ ಎಂದರೆ ಮದುವೆಗೆ, ಪಡಿತರ ಚೀಟಿಗೆ ತೆಗೆಸುವುದು. ನಾನು ಗಿಡದ ಮುಂದೆ ಮಂಡಿಯೂರಿದ್ದನ್ನು ಕಂಡು, “ಹೂವಿನ ಫೋಟೋ ಯಾಕಪ್ಪಾ, ಹೂವೇ ಇದೆಯಲ್ಲ” ಎಂದು ಅವ್ವ ನಕ್ಕಿದ್ದಳು. ಉತ್ತರ ಹೇಳಲು ನನಗೆ ಆಗಲಿಲ್ಲ. ಗೆಳೆಯರಿಂದ ಕಲಿತದ್ದು ಬಹಳವಿದೆ. ಕೆಂಪು ದಾಸವಾಳ ಬಿಸಿಲಿನಲ್ಲಿ ಬರಿಯ ಕೆಂಪು ಮುದ್ದೆಯಾಗಿ ಬರುತ್ತದೆ, ಎಸಳಿನ ನರ ಕಾಣುವುದಿಲ್ಲ. ಬೆಳಕನ್ನು ಸ್ವಲ್ಪ ಕುಗ್ಗಿಸಿ ತೆಗೆದರೆ, ಇಲ್ಲವೆ ಮೋಡ ಕವಿಯುವವರೆಗೆ ಕಾದರೆ ನರವೆಲ್ಲ ಮೂಡುತ್ತದೆ. ಹೂವಿಗೆ ಹತ್ತಿರವಾದಷ್ಟೂ ಸ್ಪಷ್ಟವಾಗಿ ಮೂಡುವ ಆಳ ಕಡಿಮೆಯಾಗುತ್ತದೆ. ಆದ್ದರಿಂದ ಕೇಸರದ ತುದಿಯೋ ಎಸಳಿನ ಅಂಚೋ, ಯಾವುದು ಬೇಕೆಂದು ಮೊದಲೇ ನಿಶ್ಚಯಿಸಬೇಕು. ನಿಂತು ಕೆಳಗೆ ನೋಡಿ ತೆಗೆದರೆ ಹಿಂದೆ ಮಣ್ಣು, ಒಣ ಎಲೆ. ಹೂವಿನ ಮಟ್ಟಕ್ಕೆ ಕುಳಿತರೆ ಹಿಂದೆ ಹಸಿರು. ಇವೆಲ್ಲ ಪುಸ್ತಕದಲ್ಲಿಯೂ ಇವೆ. ಆದರೆ ನನ್ನ ಹೂವಿನ ಚಿತ್ರವನ್ನೇ ಮುಂದಿಟ್ಟುಕೊಂಡು “ನೀನು ಕೂರಬೇಕಾಗಿತ್ತು ಕಣೋ” ಎಂದು ಗೆಳೆಯ ಹೇಳಿದ ಮೇಲೆಯೇ ನಾನು ಕುಳಿತದ್ದು.

ಈಗ ಹೇಳುವುದು ನನ್ನದೇ ತಪ್ಪು. ಎರಡು ವರ್ಷದ ಹಿಂದೆ, ಬೇಸಿಗೆಯಲ್ಲಿ, ನಮ್ಮ ದಾಸವಾಳದ ಪೊದೆಯೊಳಗೆ ಕೆಮ್ಮೀಸೆ ಪಿಕಳಾರವೊಂದು ಗೂಡು ಕಟ್ಟಿತು. ಬಟ್ಟಲಿನಂಥ ಗೂಡು, ಅದರಲ್ಲಿ ನಸುಗೆಂಪಾದ, ಕೆಂಪು ಚುಕ್ಕೆಗಳ ಎರಡು ಮೊಟ್ಟೆ. ಪೊದೆಯೊಳಗೆ ಕತ್ತಲೆ. ತಾಯಿಹಕ್ಕಿ ಹಾರಿಹೋದ ಸಮಯ ನೋಡಿ, ಅಡ್ಡ ಬರುತ್ತಿದ್ದ ಎಲೆಗಳನ್ನು ಕಿತ್ತು, ಬೆಳಕು ಬರುವಂತೆ ಮಾಡಿ ಚಿತ್ರ ತೆಗೆದೆ. ಅಂಥ ಚಿತ್ರ ನಮ್ಮ ಗುಂಪಿನಲ್ಲಿ ಅದುವರೆಗೆ ಯಾರೂ ತೆಗೆದಿರಲಿಲ್ಲ. ಎಲ್ಲರೂ “ಸೂಪರ್” ಎಂದರು. ಹಿಂದಿನ ಯಾವ ಚಿತ್ರಕ್ಕೂ ನನಗೆ ಅಷ್ಟು ಹೊಗಳಿಕೆ ಬಂದಿರಲಿಲ್ಲ. ಒಬ್ಬ ಸಹಪಾಠಿನಿ ಮಾತ್ರ ಬಹಳ ಹೊತ್ತು ನೋಡಿ, “ಈ ತೊಟ್ಟುಗಳೆಲ್ಲ ಹಸಿಯಾಗಿ ಮುರಿದಿವೆಯಲ್ಲ, ನೀನೇ ಕಿತ್ತೆಯಾ?” ಎಂದಳು. “ಬೆಳಕಿಗೆ ಅಂತ ಒಂದೆರಡು ಎಲೆ, ಅಷ್ಟೆ” ಎಂದೆ. ಅವಳಿಗೆ ಹೊಟ್ಟೆಕಿಚ್ಚೆಂದು ಗೆಳೆಯನೊಬ್ಬ ನನ್ನ ಕಿವಿಯಲ್ಲಿ ಹೇಳಿದ. ನಾನೂ ನಂಬಿದೆ.

ಮರುದಿನ ಇನ್ನೂ ಹತ್ತಿರದಿಂದ ತೆಗೆಯೋಣವೆಂದು ಮತ್ತೆ ಹೋದೆ. ಹೋಗಲು ನನ್ನನ್ನು ನೂಕಿದ್ದು ಆ ಹೊಗಳಿಕೆಯಲ್ಲದೆ ಬೇರೇನೂ ಅಲ್ಲ. ಮೂರನೆಯ ದಿನ ಬೆಳಗ್ಗೆ ಗೂಡು ಬರಿದಾಗಿತ್ತು. ಕಾಗೆಯೋ ಕೆಂಬೂತವೋ, ನಾನು ಕಂಡವನಲ್ಲ. ಹಕ್ಕಿಗಳೆರಡೂ ಸ್ವಲ್ಪ ಹೊತ್ತು ತಂತಿಯ ಮೇಲೆ ಕೂಗಾಡಿ ಹೋದವು. ಅಂದು ಸಂಜೆ ಚಿತ್ರವನ್ನು ದೊಡ್ಡದು ಮಾಡಿಕೊಂಡು ಎಣಿಸಿದೆ. ಏಳು ತೊಟ್ಟು ಮುರಿದಿದ್ದವು.

ಗೂಡಿನ ಸುತ್ತಣ ಎಲೆ ಹಕ್ಕಿಗೆ ಅಂದಕ್ಕಾಗಿ ಇರುವುದಲ್ಲ. ಅದು ಬಿಸಿಲಿಗೆ ಕೊಡೆ, ಶತ್ರುವಿನ ಕಣ್ಣಿಗೆ ತೆರೆ. ಮನುಷ್ಯನು ಮತ್ತೆ ಮತ್ತೆ ಹತ್ತಿರ ಬಂದರೆ ತಾಯಿ ಕಾವು ಬಿಟ್ಟು ಏಳಬೇಕಾಗುತ್ತದೆ. ಅದು ಎದ್ದು ಹಾರುವುದನ್ನು ನೋಡಿಯೇ ಕಾಗೆ ಗೂಡಿನ ಜಾಗವನ್ನು ತಿಳಿದುಕೊಳ್ಳುತ್ತದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ‘ಬೇಟೆ’ ಎಂಬ ಶಬ್ದದ ಅರ್ಥದೊಳಗೆ ಕಾಡುಹಕ್ಕಿಗಳ ಮೊಟ್ಟೆ ಗೂಡುಗಳಿಗೆ ತೊಂದರೆ ಕೊಡುವುದನ್ನೂ ಸೇರಿಸಿದೆಯೆಂದು ನಾನು ಆಮೇಲೆ ಓದಿ ತಿಳಿದೆ. ಹಿಂದಿನ ತಲೆಮಾರಿನ ಪ್ರದರ್ಶನಗಳಲ್ಲಿ ಗೂಡಿನ ಚಿತ್ರಕ್ಕೆ ಬಹಳ ಮನ್ನಣೆಯಿತ್ತು. ಇಂಗ್ಲೆಂಡಿನ ಕಿಯರ್ಟನ್ ಸಹೋದರರ ಕೀರ್ತಿ ಶುರುವಾದದ್ದೇ 1890ರ ದಶಕದ ಗೂಡಿನ ಚಿತ್ರಗಳಿಂದ. ಹಕ್ಕಿಗಳಿಗೆ ಕಾಣದಿರಲೆಂದು ಅವರು ಎತ್ತಿನ ಚರ್ಮದ ಬೊಂಬೆಯೊಳಗೆ ಅವಿತು ಕುಳಿತದ್ದೂ ಉಂಟು. ಈಗ ನಮ್ಮ ದೇಶದ ಎಷ್ಟೋ ಸ್ಪರ್ಧೆಗಳು ಗೂಡಿನ ಚಿತ್ರವನ್ನು ಸ್ವೀಕರಿಸುವುದೇ ಇಲ್ಲ. ಚಿತ್ರ ಕೆಟ್ಟದೆಂದಲ್ಲ. ಅಂಥದೊಂದಕ್ಕೆ ಬಹುಮಾನ ಕೊಟ್ಟರೆ ಮರುವರ್ಷ ನೂರು ಮಂದಿ ಗೂಡು ಹುಡುಕಿ ಹೊರಡುತ್ತಾರೆ. ಆ ನೂರರಲ್ಲಿ ನನ್ನಂಥವರೂ ಇರುತ್ತಾರೆ.

ಹೊಸಬನಿಗೆ ಉತ್ತೇಜನವೇ ಮುಖ್ಯ, ಟೀಕೆ ಮಾಡಿದರೆ ಬಾಡಿಹೋಗುತ್ತಾನೆ ಎಂದು ಕೆಲವರು ವಾದಿಸುತ್ತಾರೆ. ಇದರಲ್ಲಿ ಸತ್ಯವಿಲ್ಲದೆ ಇಲ್ಲ. ಮೊದಲ ವರ್ಷದಲ್ಲಿ ನನ್ನ ಮಸುಕಾದ ಚಿತ್ರಗಳನ್ನು ಯಾರಾದರೂ ಹೀಯಾಳಿಸಿದ್ದರೆ ನಾನು ಬಿಟ್ಟೇಬಿಡುತ್ತಿದ್ದೆ. ಆದರೆ ನೋಡದೆ ಹೊಗಳುವುದನ್ನು ಉತ್ತೇಜನವೆಂದು ಒಪ್ಪಲು ಈಗ ನನ್ನಿಂದಾಗದು. ಆ ದಿನ ನನ್ನ ಚಿತ್ರವನ್ನು ಪೂರ್ತಿ ನೋಡಿದವಳು ಒಬ್ಬಳೇ. ಉಳಿದ ಎಂಟು ಮಂದಿ ಮೊಟ್ಟೆಗಳನ್ನು ಮಾತ್ರ ನೋಡಿದರು.

ಈಗ ನಾವು ಶನಿವಾರ ತರಗತಿ ಮುಗಿದ ಮೇಲೆ ಸೇರುತ್ತೇವೆ. ಒಬ್ಬರಿಗೆ ಒಂದೇ ಚಿತ್ರ. ಚೆನ್ನಾಗಿದೆ ಎನ್ನುವ ಮೊದಲು ಅದರಲ್ಲಿ ಕಂಡ ಒಂದು ಸಂಗತಿಯನ್ನು ಹೇಳಬೇಕೆಂದು ಕಟ್ಟು ಮಾಡಿಕೊಂಡಿದ್ದೇವೆ. ಏನೂ ಕಾಣದಿದ್ದರೆ ಸುಮ್ಮನಿರಬಹುದು. ಮೊದಮೊದಲು ನಗೆಪಾಟಲಾಗುತ್ತಿತ್ತು. “ಎಲೆ ಹಸಿರಾಗಿದೆ” ಎಂದು ಒಬ್ಬ ಹೇಳಿದರೆ ಎಲ್ಲರೂ ಗೊಳ್ಳೆಂದು ನಗುವರು. ಕಳೆದ ತಿಂಗಳು ಒಬ್ಬ ತಮ್ಮ ಮನೆಯ ನಿಂಬೆಗಿಡದ ಚಿಗುರಿನ ಚಿತ್ರ ತಂದಿದ್ದ. ನಡುವೆ ಒಂದು ಎಲೆಯ ಮೇಲೆ ಹಕ್ಕಿಯ ಹಿಕ್ಕೆ. ಅದೊಂದು ಇಲ್ಲದಿದ್ದರೆ ಚಿತ್ರ ಚೆನ್ನಾಗಿತ್ತೆಂದು ಅವನೇ ಹಳಹಳಿಸಿದ. ಅದೇ ಸಹಪಾಠಿನಿ ಫೋನನ್ನು ಕಣ್ಣಿಗೆ ಹತ್ತಿರ ಹಿಡಿದು, “ಹಿಕ್ಕೆಗೆ ಕಾಲಿವೆಯಲ್ಲ” ಎಂದಳು. ನೋಡಿದರೆ ನಿಂಬೆಚಿಟ್ಟೆಯ ಮರಿಹುಳು. ಎಳೆಯದಾಗಿರುವಾಗ ಅದು ಹಿಕ್ಕೆಯಂತೆ ಕಪ್ಪು ಬಿಳುಪಾಗಿದ್ದು ಹಕ್ಕಿಗಳನ್ನು ಏಮಾರಿಸುತ್ತದೆ. ಮುಂದಿನ ಶನಿವಾರ ಅವನು ಅದೇ ಗಿಡದ ಇನ್ನೊಂದು ಚಿತ್ರ ತಂದ. ಹುಳು ಪೊರೆ ಬಿಟ್ಟು ಎಲೆಯ ಬಣ್ಣಕ್ಕೆ ತಿರುಗಿತ್ತು. ಅರ್ಧ ಚಿಗುರನ್ನು ತಿಂದು ಮುಗಿಸಿತ್ತು. ನಿಂಬೆಗಿಡ ಹಾಳಾಗುತ್ತದೆಂದು ಅವರ ಮನೆಯಲ್ಲಿ ಬೈಯುತ್ತಿದ್ದಾರಂತೆ. ಇನ್ನೊಂದು ವಾರ ತಡೆಯಿರೆಂದು ಅವನು ಬೇಡಿಕೊಂಡಿದ್ದಾನೆ.