ಇರುವೆಯ ಹೆಜ್ಜೆ ಲೆಕ್ಕ

ಸಜ್ಜೆ ಬಿತ್ತಿದ ಮರುದಿನ ಬಿಸಿಲೇರುವ ಮೊದಲು ಹೊಲದಾಗ ನೋಡಿರಿ. ಮಣ್ಣು ಮುಚ್ಚದೆ ಮೇಲೆ ಉಳಿದ ಕಾಳನ್ನು ಇರುವೆಗಳು ಸಾಲು ಹಚ್ಚಿ ಹೊರುತ್ತಿರುತ್ತವೆ. ಗೂಡಿನ ಬಾಯಿ ಸುತ್ತ ಹೊಟ್ಟಿನ ಗುಪ್ಪೆ ಬಿದ್ದಿರುತ್ತದೆ. ಒಂದೇ ಮಳೆ ನಂಬಿ ಬಿತ್ತುವ ಪಾಲಬಾವಿ ಕಡೆಯ ಒಣಬೇಸಾಯದವರಿಗೆ ಸಾಲು ಖಾಲಿ ಬಿದ್ದರೆ ಎರಡನೇ ಸಲ ಬಿತ್ತುವ ಹದ ಸಿಗುವುದಿಲ್ಲ. ಆದ್ದರಿಂದ ಈ ಹುಳದ ಲೆಕ್ಕ ನಮಗೂ ತಿಳಿದಿರಲಿ.

ಸಾಲಾಗಿ ಹೋಗುವ ಇರುವೆ ವಾಸನೆ ಹಿಡಿದು ನಡೆಯುತ್ತದೆ. ದಾರಿಗೆ ಅಡ್ಡ ಬೆರಳು ಎಳೆದರೆ ತಡವರಿಸುತ್ತದೆ, ಇದು ಹುಡುಗರಿಗೂ ಗೊತ್ತು. ಮರುಭೂಮಿಯ ಒಂಟಿ ಇರುವೆಗೆ ಆ ಅನುಕೂಲ ಇಲ್ಲ. ಅದು ಸೂರ್ಯನ ಬೆಳಕಿನಿಂದ ದಿಕ್ಕು ತಿಳಿಯುತ್ತದೆ. ದೂರ ಹ್ಯಾಂಗ ತಿಳಿಯುತ್ತದೆ?

ಟ್ಯುನೀಷಿಯಾ ದೇಶದಲ್ಲಿ ವಿಟ್ಲಿಂಗರ್, ವೇನರ್, ವೋಲ್ಫ್ ಎಂಬ ವಿಜ್ಞಾನಿಗಳು ಇದನ್ನು ಪರೀಕ್ಷಿಸಿ 2006ರಲ್ಲಿ ಪ್ರಕಟಿಸಿದರು. ಗೂಡಿನಿಂದ 10 ಮೀಟರ್ ದೂರ ತಿನಿಸು ಇಟ್ಟರು. 10 ಮೀಟರ್ ಅಂದರೆ 33 ಫೂಟು, ನಮ್ಮ ಗುಂಟೆಯ ಒಂದು ಬದಿ! ಅಲ್ಲಿಗೆ ಬಂದ ಕೆಲವು ಇರುವೆಗಳ ಕಾಲಿಗೆ ಹಂದಿ ಕೂದಲು ಅಂಟಿಸಿ ಉದ್ದ ಮಾಡಿದರು, ಕೆಲವುಗಳ ಕಾಲು ಮೊಟಕು ಮಾಡಿದರು. (ಇದು ನನಗೆ ಸೇರಲಿಲ್ಲ, ಆದರೆ ಉತ್ತರ ಸಿಕ್ಕಿತು.) ಮನೆಗೆ ಹೊರಟಾಗ ಉದ್ದ ಕಾಲಿನವು ಗೂಡು ದಾಟಿ ಸುಮಾರು 15 ಮೀಟರಿಗೆ ಹೋಗಿ ಹುಡುಕಿದವು. ಮೊಂಡು ಕಾಲಿನವು 6 ಮೀಟರಿನೊಳಗೇ ನಿಂತವು. ಅವೇ ಇರುವೆಗಳು ಮುಂದೆ ಅದೇ ಕಾಲಿನಿಂದ ಗೂಡಿನಿಂದ ಹೊರಟು ಹೋಗಿ ಬಂದಾಗ ಅಳತೆ ಸರಿಯಾಯಿತು.

ನಾವು ಹೆಜ್ಜೆ ಹಾಕಿ ಹೊಲ ಅಳೆಯುವಾಗಲೂ ಹೀಗೇ. ಅಪ್ಪನ ಹೆಜ್ಜೆ ಎಣಿಕೆಯನ್ನು ಮಗ ತನ್ನ ಹೆಜ್ಜೆಯಿಂದ ಹಾಕಿದರೆ ಬದು ಮುಟ್ಟುವುದಿಲ್ಲ. ರಾಶಿ ಅಳೆಯುವಾಗ ಲಾಭ, ಎರಡು, ಮೂರು ಎನ್ನುವಂತೆ ಇರುವೆ ಎಣಿಸುತ್ತದೆ ಅಂತಲ್ಲ. ಅದರ ಮೈಯೊಳಗೇ ಹೆಜ್ಜೆ ಜಮಾ ಆಗುತ್ತದೆ ಅನ್ನಬಹುದು.

ಸೈಬೀರಿಯಾದಲ್ಲಿ ರೆಜ್ನಿಕೋವಾ, ರ್ಯಾಬ್ಕೊ ಎಂಬವರು ಬಾಚಣಿಗೆ ಹಲ್ಲಿನಂಥ ಕವಲುಗಳಲ್ಲಿ ಒಂದರಲ್ಲಿ ಮಾತ್ರ ತಿನಿಸು ಇಟ್ಟಿದ್ದರು. ಅದನ್ನು ಕಂಡುಬಂದ ಇರುವೆ ಜೊತೆಯವಕ್ಕೆ ಮೀಸೆ ತಾಗಿಸಿ ಸುದ್ದಿ ಹೇಳಿತು. ಕವಲು ದೂರವಾದಷ್ಟು ಹೇಳುವ ಹೊತ್ತೂ ಹೆಚ್ಚಾಯಿತು. ವಾಸನೆ ಉಳಿಯದಂತೆ ಕವಲು ಬದಲಿಸಿದರೂ ಜೊತೆಯವು ಸರಿಯಾದ ಕವಲಿಗೇ ಹೋದವು.

ಇರುವೆ ಕೊಲ್ಲಲು ಮೊದಲು ಬಿಎಚ್‌ಸಿ ಪುಡಿ ಉದುರಿಸುತ್ತಿದ್ದರು. 1997ರಲ್ಲಿ ಅದು ನಿಷೇಧವಾಯಿತು, ಒಳ್ಳೇದಾಯಿತು. ಕೀಡೆಯ ಮೊಟ್ಟೆ, ಮರಿ ಎಳೆದೊಯ್ಯುವ ಇರುವೆಗಳೂ ಹೊಲದಲ್ಲಿವೆ. ಕೂರಿಗಿ ಹಿಂದೆ ಕುಂಟಿ ಹೊಡೆದು ಕಾಳು ಪೂರ್ತಿ ಮುಚ್ಚಿರಿ. ನಾನು ಬಿತ್ತುವ ದಿನ ಹೊಟ್ಟಿನ ಗುಪ್ಪೆಯ ಹತ್ತಿರ ಒಂದೊಂದು ಹಿಡಿ ನುಚ್ಚು ಹಾಕುತ್ತೇನೆ. ಬಾಗಿಲಲ್ಲೇ ತಿನಿಸು ಸಿಕ್ಕರೆ ಅವು ಮೊದಲು ಅದನ್ನೇ ಹೊರುತ್ತವೆ.