ಮೂರು ರೂಪದ ಒಂದು ಚಿತ್ರ: ಯಾವ ಡಿಸ್ಕ್ ತರಿಸಲಿ?

ಪ್ರಶ್ನೆ: ನಾನು ಬ್ಯಾಂಕಿನಿಂದ ನಿವೃತ್ತನಾದವನು. ಎಂಬತ್ತರ ದಶಕದಲ್ಲಿ ಗೆಳೆಯರೊಬ್ಬರ ಮನೆಯಲ್ಲಿ ‘ದಿ ವಿಕರ್ ಮ್ಯಾನ್’ ಎಂಬ ಹಳೆಯ ಬ್ರಿಟಿಷ್ ಚಿತ್ರವನ್ನು ಕ್ಯಾಸೆಟ್ ಹಾಕಿ ನೋಡಿದ್ದೆ. ಇಷ್ಟು ವರ್ಷವಾದರೂ ಅದು ತಲೆಯಿಂದ ಇಳಿದಿಲ್ಲ. ಬ್ರಿಸ್ಟಲ್‌ನಲ್ಲಿರುವ ನನ್ನ ಅಕ್ಕ ದೀಪಾವಳಿಗೆ ಊರಿಗೆ ಬರುವಾಗ ಡಿಸ್ಕ್ ತರುತ್ತೇನೆ, ಯಾವುದೆಂದು ಹೇಳು ಎಂದಿದ್ದಾಳೆ. ವಿಚಾರಿಸಿದರೆ ಮೂರು ಬೇರೆ ಬೇರೆ ಉದ್ದದ ಚಿತ್ರಗಳಿವೆಯಂತೆ. ಉದ್ದದ್ದರಲ್ಲಿ ಚಿತ್ರ ಮಸುಕಂತೆ, ಸ್ಪಷ್ಟವಿರುವುದರಲ್ಲಿ ದೃಶ್ಯಗಳಿಲ್ಲವಂತೆ. ವಾರಗಟ್ಟಲೆ ಓದಿಯೂ ತೀರ್ಮಾನವಾಗಿಲ್ಲ. ಒಂದು ಡಿಸ್ಕಿಗೆ ಇಷ್ಟೊಂದು ತಲೆಬಿಸಿಯೇ ಎಂದು ಮನೆಯಲ್ಲಿ ಬೈಯುತ್ತಾರೆ. ನಾಲ್ಕು ಜನ ಗೆಳೆಯರನ್ನು ಕರೆದು ತೋರಿಸಬೇಕೆಂಬ ಆಸೆ ಬೇರೆ. ತಪ್ಪು ಡಿಸ್ಕ್ ಬಂದರೆ ಅಕ್ಕನಿಗೆ ಕೊಟ್ಟ ತೊಂದರೆಯೂ ವ್ಯರ್ಥ. ಮಗ ಕೊಡಿಸಿದ 4ಕೆ ಪ್ಲೇಯರ್ ಮನೆಯಲ್ಲಿದೆ. ನಿಜವಾದ ಚಿತ್ರ ಯಾವುದು?
— ಓದುಗ, ಮೈಸೂರು

ಉತ್ತರ: ನಿಮ್ಮ ತಲೆಬಿಸಿ ಅತಿಯಾದದ್ದಲ್ಲ. ಬೇರೆ ಯಾವ ಚಿತ್ರದ ಬಗ್ಗೆ ಕೇಳಿದ್ದರೂ ಇತ್ತೀಚಿನ ಒಳ್ಳೆಯ ಆವೃತ್ತಿ ತರಿಸಿ ಎಂದು ಎರಡು ಸಾಲಿನಲ್ಲಿ ಮುಗಿಸುತ್ತಿದ್ದೆ. ಈ ಚಿತ್ರದ ವಿಷಯದಲ್ಲಿ ಹಾಗೆ ಹೇಳಲು ಬರುವುದಿಲ್ಲ. ನಿಮಗೆ ಆರಿಸಲು ಆಗುತ್ತಿಲ್ಲವೆಂದರೆ ಕೊರತೆ ನಿಮ್ಮಲ್ಲಿಲ್ಲ, ಚಿತ್ರಕ್ಕೇ ಪೆಟ್ಟು ಬಿದ್ದಿದೆ. ಆ ಪೆಟ್ಟು ಎಲ್ಲಿ ಬಿತ್ತೆಂದು ತಿಳಿದರೆ ಆಯ್ಕೆ ತಾನಾಗಿ ಹಗುರಾಗುತ್ತದೆ.

ರಾಬಿನ್ ಹಾರ್ಡಿ ನಿರ್ದೇಶಿಸಿ, ಆಂಟನಿ ಶಾಫರ್ ಬರೆದ ಈ ಚಿತ್ರದ ಕಥೆ ನಡೆಯುವುದು ಏಪ್ರಿಲ್ ಕೊನೆಯಿಂದ ಮೇ ಒಂದರವರೆಗೆ. ಚಿತ್ರೀಕರಣ ನಡೆದದ್ದು ಮಾತ್ರ 1972ರ ಶರತ್ಕಾಲದ ಕೊನೆಗೆ, ಸ್ಕಾಟ್ಲೆಂಡಿನ ಚಳಿಯಲ್ಲಿ. ಗಿಡಗಳಿಗೆ ಕೃತಕ ಹೂ ಅಂಟಿಸಿ ವಸಂತ ತಂದರು. ಕಥೆ ನಡೆಯುವ ದ್ವೀಪದ ಒಡೆಯ ಲಾರ್ಡ್ ಸಮ್ಮರ್‌ಐಲ್‌ನ ಪಾತ್ರ ಮಾಡಿದ ಕ್ರಿಸ್ಟೋಫರ್ ಲೀ ಇದಕ್ಕೆ ಸಂಭಾವನೆಯನ್ನೇ ಪಡೆಯಲಿಲ್ಲವೆಂದು ಹೇಳುತ್ತಿದ್ದರು. ತಮ್ಮ ಅತ್ಯುತ್ತಮ ಚಿತ್ರಗಳಲ್ಲಿ ಇದನ್ನು ಕೊನೆಯವರೆಗೂ ಎಣಿಸಿದರು. ಆದರೆ ಚಿತ್ರ ಸಿದ್ಧವಾಗುವ ಹೊತ್ತಿಗೆ ‘ಬ್ರಿಟಿಷ್ ಲಯನ್’ ಕಂಪನಿಯ ಆಡಳಿತ ಬದಲಾಗಿತ್ತು. ಹೊಸ ಯಜಮಾನರಿಗೆ ಇದನ್ನು ಏನು ಮಾಡಬೇಕೆಂದೇ ತೋಚಲಿಲ್ಲ. ಸುಮಾರು 99 ನಿಮಿಷವಿದ್ದದ್ದನ್ನು 88ಕ್ಕೆ ಇಳಿಸಿ, 1973ರ ಡಿಸೆಂಬರಿನಲ್ಲಿ ‘ಡೋಂಟ್ ಲುಕ್ ನೌ’ ಚಿತ್ರದ ಜೊತೆಗೆ ಎರಡನೇ ದರ್ಜೆಯ ಜೋಡಿಚಿತ್ರವಾಗಿ ಬಿಡುಗಡೆ ಮಾಡಿದರು. ಕತ್ತರಿಸಿ ತೆಗೆದ ನೆಗೆಟಿವ್ ಕಳೆದೇ ಹೋಯಿತು. ಅದರ ಡಬ್ಬಿಗಳನ್ನು ಎಂ3 ಹೆದ್ದಾರಿ ಹಾಕುವಾಗ ಮಣ್ಣಿನ ಜೊತೆ ಹೂತರೆಂಬ ದಂತಕಥೆಯನ್ನು ಇಂದಿಗೂ ಹೇಳುತ್ತಾರೆ.

ನೆಗೆಟಿವ್ ಉಳಿದರೆ ಏನಾಗುತ್ತದೆಂಬುದಕ್ಕೆ ನಮ್ಮದೇ ಉದಾಹರಣೆಯಿದೆ. ಗಿರೀಶ ಕಾಸರವಳ್ಳಿಯವರ ‘ಘಟಶ್ರಾದ್ಧ’ 1977ರ ಚಿತ್ರ. ಅದರ ಮೂಲ ನೆಗೆಟಿವ್ ಉಳಿದಿದ್ದರಿಂದಲೇ 2024ರಲ್ಲಿ ಪುನರುಜ್ಜೀವನಗೊಂಡು ವೆನಿಸ್ ಚಿತ್ರೋತ್ಸವದಲ್ಲಿ ಮತ್ತೆ ಬೆಳಕು ಕಂಡಿತು. ‘ವಿಕರ್ ಮ್ಯಾನ್’ಗೆ ಆ ಭಾಗ್ಯವಿಲ್ಲ. ಆದ್ದರಿಂದ ಪೂರ್ತಿಯೂ ಇರಬೇಕು, ಸ್ವಚ್ಛವೂ ಇರಬೇಕು ಎಂದು ನೀವು ಹುಡುಕುತ್ತಿರುವ ಡಿಸ್ಕ್ ಜಗತ್ತಿನಲ್ಲೇ ಇಲ್ಲ. ಅದು ಎಲ್ಲೋ ಇದ್ದು ನಿಮ್ಮ ಕಣ್ಣು ತಪ್ಪಿಸುತ್ತಿದೆಯೆಂಬ ಚಿಂತೆಯನ್ನು ಮೊದಲು ಬಿಡಿ.

ಈಗ ಇರುವುದೇನೆಂದು ನೋಡೋಣ. ಚಿತ್ರದ ಒಂದು ಉದ್ದನೆಯ ಪ್ರತಿ ಅಮೆರಿಕದ ನಿರ್ಮಾಪಕ ರೋಜರ್ ಕಾರ್ಮನ್ ಬಳಿಗೆ ಹೋಗಿತ್ತು. ಅದರಿಂದ ಇಳಿಸಿಕೊಂಡ ವಿಡಿಯೋ ಟೇಪ್ ಒಂದು ಉಳಿಯಿತು. ಇಂದು ‘ಡೈರೆಕ್ಟರ್ಸ್ ಕಟ್’ ಹೆಸರಿನಲ್ಲಿ ಸಿಗುವ 99 ನಿಮಿಷದ ರೂಪದಲ್ಲಿ, ಮರಳಿ ಸೇರಿಸಿದ ದೃಶ್ಯಗಳೆಲ್ಲ ಆ ಟೇಪಿನವು. ಒಂದು ದೃಶ್ಯ ಸ್ಪಷ್ಟವಾಗಿ ಓಡುತ್ತಿರುತ್ತದೆ, ಮರುಕ್ಷಣ ಬಣ್ಣ ಮಾಸಿ, ಅಂಚುಗಳು ಕರಗಿ, ಹಳೆಯ ದೂರದರ್ಶನದ ಪ್ರಸಾರ ನೋಡಿದಂತಾಗುತ್ತದೆ. ಇದನ್ನು ಯಾವ 4ಕೆ ಪೆಟ್ಟಿಗೆಯಲ್ಲಿ ತುಂಬಿಕೊಟ್ಟರೂ ಟೇಪಿನಲ್ಲಿಲ್ಲದ ವಿವರ ಹೊಸದಾಗಿ ಹುಟ್ಟುವುದಿಲ್ಲ.

ಮೂರನೆಯದು ‘ಫೈನಲ್ ಕಟ್’, ಸುಮಾರು 94 ನಿಮಿಷದ್ದು. ಹಕ್ಕು ಪಡೆದಿರುವ ಸ್ಟುಡಿಯೋಕೆನಾಲ್ ಸಂಸ್ಥೆ 2013ರಲ್ಲಿ ಕಳೆದುಹೋದ ಭಾಗಗಳಿಗಾಗಿ ಸಾರ್ವಜನಿಕವಾಗಿ ಹುಡುಕಾಟ ನಡೆಸಿದಾಗ ಹಾರ್ವರ್ಡ್ ಫಿಲ್ಮ್ ಆರ್ಕೈವ್‌ನಲ್ಲಿ 35 ಎಂಎಂ ಪ್ರತಿಯೊಂದು ಸಿಕ್ಕಿತು. 1979ರಲ್ಲಿ ಅಮೆರಿಕದ ಮರುಬಿಡುಗಡೆಗಾಗಿ ಹಾರ್ಡಿ ತಾವೇ ಜೋಡಿಸಿಕೊಟ್ಟ ರೂಪಕ್ಕೆ ಅದು ಹತ್ತಿರವಿತ್ತು. ಅದರಿಂದ ಕಟ್ಟಿದ ಈ ರೂಪವನ್ನು ಹಾರ್ಡಿ ಒಪ್ಪಿಕೊಂಡರು. ಸೇರಿಸಿದ ಭಾಗಗಳು ಇಲ್ಲಿಯೂ ತುಸು ಒರಟಾಗಿ ಕಾಣುತ್ತವೆ, ಆದರೆ ಅದು ಫಿಲ್ಮಿನ ಒರಟುತನ. ಕಣ್ಣಿಗೆ ಚುಚ್ಚುವುದಿಲ್ಲ.

ನನ್ನ ಸಲಹೆ ಈ ಫೈನಲ್ ಕಟ್‌ನತ್ತಲೇ. ಚಿತ್ರ ಸ್ವಚ್ಛವಾಗಿದೆಯೆಂಬುದು ಇದಕ್ಕೆ ಸಣ್ಣ ಕಾರಣ. ದೊಡ್ಡ ಕಾರಣ ಕಥೆಯ ರಾತ್ರಿಗಳಿಗೆ ಸಂಬಂಧಿಸಿದ್ದು. ನಿಮ್ಮ ಕ್ಯಾಸೆಟ್‌ನಲ್ಲಿ ಇದ್ದದ್ದು 88 ನಿಮಿಷದ್ದಾಗಿದ್ದರೆ, ತನಿಖೆಗೆಂದು ಬಂದ ಪೊಲೀಸ್ ಸಾರ್ಜೆಂಟ್ ಹೌವಿ ದ್ವೀಪದಲ್ಲಿ ಒಂದೇ ರಾತ್ರಿ ಕಳೆಯುವುದನ್ನು ನೀವು ನೋಡಿದ್ದೀರಿ. ಬಂದ ರಾತ್ರಿಯೇ ಪಕ್ಕದ ಕೋಣೆಯ ಹುಡುಗಿ ವಿಲ್ಲೋ ಗೋಡೆ ಬಡಿದು ಹಾಡಿ ಅವನನ್ನು ಕರೆಯುತ್ತಾಳೆ. ಮೂಲದಲ್ಲಿ ಹಾಗಿಲ್ಲ. ಮೊದಲ ರಾತ್ರಿ ಸಮ್ಮರ್‌ಐಲ್ ಒಬ್ಬ ಹುಡುಗನನ್ನು ವಿಲ್ಲೋಳ ಕಿಟಕಿಯ ಕೆಳಗೆ ತಂದು ನಿಲ್ಲಿಸುತ್ತಾನೆ, ಕೆಳಗೆ ಪಬ್ಬಿನಲ್ಲಿ ಊರಿನವರೆಲ್ಲ ಮೆಲುದನಿಯಲ್ಲಿ ‘ಜೆಂಟ್ಲಿ ಜಾನಿ’ ಹಾಡುತ್ತಾರೆ, ಮೇಲಿನ ಕೋಣೆಯಲ್ಲಿ ಹೌವಿ ಪ್ರಾರ್ಥನೆ ಮಾಡುತ್ತಾ ಎಲ್ಲವನ್ನೂ ಕೇಳಿಸಿಕೊಳ್ಳುತ್ತಾನೆ. ವಿಲ್ಲೋ ಅವನನ್ನೇ ಕರೆಯುವುದು ಎರಡನೇ ರಾತ್ರಿ, ಮೇ ಒಂದರ ಹಿಂದಿನ ರಾತ್ರಿ. ಆ ಹೊತ್ತಿಗೆ ಅವನು ದ್ವೀಪವನ್ನು ಕಂಡಿದ್ದಾನೆ, ರೇಗಿದ್ದಾನೆ, ದಣಿದಿದ್ದಾನೆ. ಅವನ ಪರೀಕ್ಷೆಗೆ ಆಗ ತೂಕ ಬರುತ್ತದೆ. ಕತ್ತರಿಸಿದ ಚಿತ್ರದಲ್ಲಿ ಅವನೊಬ್ಬ ಬಿಗುಮಾನದ ಪೊಲೀಸ್ ಅಷ್ಟೇ. ಎರಡು ರಾತ್ರಿಯ ಚಿತ್ರದಲ್ಲಿ ಅವನ ನಂಬಿಕೆಗೆ ನಾವು ಗೌರವ ಕೊಡತೊಡಗುತ್ತೇವೆ. ಕೊನೆಯಲ್ಲಿ ಆಗುವುದು ಎದೆಗೆ ತಟ್ಟಬೇಕಾದರೆ ಆ ಗೌರವ ಬೇಕೇ ಬೇಕು. ಪಾಲ್ ಜೊವಾನಿ ಸಂಗೀತ ಕೊಟ್ಟ ಇಷ್ಟು ಚೆಂದದ ಹಾಡೊಂದನ್ನು ಕಿತ್ತುಹಾಕಿದ್ದನ್ನು ನೆನೆದರೆ ನನಗೆ ಇಂದಿಗೂ ಹೊಟ್ಟೆ ಉರಿಯುತ್ತದೆ.

ಎರಡು ರಾತ್ರಿ 99 ನಿಮಿಷದ್ದರಲ್ಲೂ ಇವೆಯಲ್ಲ ಎನ್ನಬಹುದು. ಹೌದು. ಜೊತೆಗೆ ಹೌವಿ ದ್ವೀಪಕ್ಕೆ ಹೊರಡುವ ಮುನ್ನ ಪೊಲೀಸ್ ಠಾಣೆಯಲ್ಲಿ ನಡೆಯುವ ದೃಶ್ಯಗಳೂ ಅಲ್ಲಿವೆ. ಸಹೋದ್ಯೋಗಿಗಳು ಅವನ ಮಡಿವಂತಿಕೆಯನ್ನು ಹೇಗೆ ಕಾಣುತ್ತಾರೆಂಬುದು ತಿಳಿಯುತ್ತದೆ. ಈ ಚಿತ್ರವನ್ನು ಪ್ರೀತಿಸುವ ನೀವು ಅದನ್ನೂ ನೋಡಲೇಬೇಕು. ಆದರೆ ಅದು ಎರಡನೇ ಸಲಕ್ಕೆ, ನೀವೊಬ್ಬರೇ ಕೂತು ನೋಡುವುದಕ್ಕೆ. ಮೊದಲ ಸಲ ನೋಡುವ ಗೆಳೆಯರಿಗೆ ಮಸುಕು ದೃಶ್ಯ ಬಂದಾಗಲೆಲ್ಲ ಚಿತ್ರದ ಮಾಯೆ ಹರಿದು, ಪಕ್ಕದವರನ್ನು ಏನಾಯಿತೆಂದು ಕೇಳುವ ಹಾಗಾಗುತ್ತದೆ.

ಹಾಗಾಗಿ ಬಿಡಿ ಡಿಸ್ಕ್ ಬೇಡ. ಮೂರೂ ರೂಪಗಳಿರುವ ಬ್ರಿಟಿಷ್ ಪೆಟ್ಟಿಗೆಯನ್ನೇ ತರಲು ಅಕ್ಕನಿಗೆ ಹೇಳಿ. ಚಿತ್ರಕ್ಕೆ 50 ವರ್ಷವಾದ 2023ರಲ್ಲಿ 4ಕೆ ಆವೃತ್ತಿ ಬಂದಿದೆ. ನಿಮ್ಮ ಪ್ಲೇಯರಿಗೆ ಅದು ಸರಿ. ಅದು ಸಿಗದಿದ್ದರೆ 2013ರ 40ನೇ ವರ್ಷದ ಬ್ಲೂ-ರೇ ಪೆಟ್ಟಿಗೆಯೂ ಒಳ್ಳೆಯದೇ, ಆದರೆ ಅಲ್ಲೊಂದು ತೊಡಕಿದೆ. ಬ್ಲೂ-ರೇ ಡಿಸ್ಕುಗಳಿಗೆ ವಲಯದ ಬೀಗವಿರುತ್ತದೆ. ಬ್ರಿಟನ್ ಬಿ ವಲಯ, ಭಾರತ ಸಿ ವಲಯ. ಬೀಗ ಹಾಕಿದ ಬಿ ಡಿಸ್ಕ್ ನಮ್ಮಲ್ಲಿ ಮಾರುವ ಪ್ಲೇಯರಿನಲ್ಲಿ ಓಡುವುದಿಲ್ಲ. 4ಕೆ ಡಿಸ್ಕಿಗೆ ಈ ಬೀಗವಿಲ್ಲ, ಆದರೆ ಅದೇ ಪೆಟ್ಟಿಗೆಯೊಳಗಿನ ಸಾಮಾನ್ಯ ಬ್ಲೂ-ರೇಗೆ ಇರಬಹುದು. ಮೂರು ರೂಪಗಳಲ್ಲಿ ಯಾವುದು ಯಾವ ಬಗೆಯ ಡಿಸ್ಕಿನಲ್ಲಿದೆಯೆಂದು ಪೆಟ್ಟಿಗೆಯ ಬೆನ್ನಿನ ಫೋಟೋ ತೆಗೆದು ಕಳಿಸಲು ಅಕ್ಕನಿಗೆ ಹೇಳಿ, ನೋಡಿಕೊಂಡು ಹೂಂ ಅನ್ನಿ. ಅಮೆರಿಕದಲ್ಲಿ 2014ರಲ್ಲಿ ಬಂದ ಬ್ಲೂ-ರೇಯಲ್ಲಿ ಫೈನಲ್ ಕಟ್ ಮಾತ್ರವಿದೆ. ನಿಮಗೆ ಅದು ಸಾಲದು.

ಅಗ್ಗವೆಂದು ಹಳೆಯ ಬ್ರಿಟಿಷ್ ಡಿವಿಡಿಗೆ ಮನಸೋಲಬೇಡಿ. ಅಲ್ಲಿನ ಟಿವಿ ಪದ್ಧತಿಗೆ ಹೊಂದಿಸಲು ಸೆಕೆಂಡಿಗೆ 24 ಚೌಕಟ್ಟಿನ ಫಿಲ್ಮನ್ನು 25ರ ವೇಗದಲ್ಲಿ ಓಡಿಸುತ್ತಿದ್ದರು. ಚಿತ್ರ ನೂರಕ್ಕೆ ನಾಲ್ಕರಷ್ಟು ಬೇಗ ಮುಗಿಯುತ್ತದೆ, ಹಾಡುಗಳ ಶ್ರುತಿ ಅರ್ಧ ಸ್ವರಕ್ಕೆ ತುಸು ಕಡಿಮೆಯಷ್ಟು ಏರುತ್ತದೆ. ಸಂಗೀತವೇ ಉಸಿರಾಗಿರುವ ಚಿತ್ರಕ್ಕೆ ಇದು ಸಣ್ಣ ಹಾನಿಯಲ್ಲ. ಲೆಕ್ಕವೂ ಮೋಸ ಮಾಡುತ್ತದೆ: 99 ನಿಮಿಷದ ರೂಪ ಆ ಡಿವಿಡಿಯಲ್ಲಿ ಸುಮಾರು 95 ಎಂದು ಕಾಣುವುದರಿಂದ ಅದನ್ನೇ ಫೈನಲ್ ಕಟ್ ಎಂದು ತಿಳಿದು ಕೊಳ್ಳುವವರಿದ್ದಾರೆ. ಆದ್ದರಿಂದ ನಿಮಿಷಗಳನ್ನು ನಂಬದೆ ಹೆಸರನ್ನು ನೋಡಿ. ಮುಖ್ಯವಾಗಿ, ನಿಕೋಲಸ್ ಕೇಜ್ ನಟಿಸಿದ 2006ರ ಮರುನಿರ್ಮಾಣಕ್ಕೂ ಇದೇ ಹೆಸರಿದೆ. ಹೌವಿಯ ಪಾತ್ರ ಮಾಡಿದ ಎಡ್ವರ್ಡ್ ವುಡ್‌ವರ್ಡ್ ಹೆಸರು ಇದೆಯೇ ನೋಡು ಎಂದು ಅಕ್ಕನಿಗೆ ತಿಳಿಸಿ.

ಗೆಳೆಯರು ಬಂದ ದಿನ ಇಂಗ್ಲಿಷ್ ಅಡಿಬರಹ ಹಾಕಿಡಿ. ದ್ವೀಪದವರ ಸ್ಕಾಟಿಷ್ ಉಚ್ಚಾರಣೆ ಮೊದಲ ಸಲ ಕಿವಿಗೆ ಹತ್ತುವುದು ಕಷ್ಟ. ಪೆಟ್ಟಿಗೆಯನ್ನು ಮಾತ್ರ ಅಂದು ಅಲಮಾರಿನ ಒಳಗಿಡಿ. ಈ ಚಿತ್ರದ ಬಹುತೇಕ ಹೊದಿಕೆಗಳ ಮೇಲೆ ಕೊನೆಯ ದೃಶ್ಯವನ್ನೇ ಅಚ್ಚು ಹಾಕಿರುತ್ತಾರೆ.